ಮುಕ್ತ ಸರ್ಕಾರಿ ದತ್ತಾಂಶ ತರುವ ಏಜೆಂಟ್ ಸಾಧನಕ್ಕೆ ಕೈಪಿಡಿ: ಖಾಲಿ ಉತ್ತರವನ್ನು ಹೇಗೆ ವಿವರಿಸುವುದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳುಗಳಿಂದ ಬಿಡುವಿನ ವೇಳೆಯಲ್ಲಿ ಒಂದು ಚಿಕ್ಕ ಸಾಧನವನ್ನು ಬರೆಯುತ್ತಿದ್ದೇನೆ. ಯಾರಾದರೂ ಕನ್ನಡದಲ್ಲಿ ಪ್ರಶ್ನೆ ಕೇಳಿದರೆ ಎಐ ಏಜೆಂಟ್ ಈ ಸಾಧನವನ್ನು ಕರೆದು, ಭಾರತ ಸರ್ಕಾರದ ಮುಕ್ತ ದತ್ತಾಂಶ ತಾಣವಾದ ಡೇಟಾ ಡಾಟ್ ಗವ್ ಡಾಟ್ ಇನ್‌ನಿಂದ ಬೇಕಾದ ಸಾಲುಗಳನ್ನು ತರಿಸಿಕೊಂಡು, ಅವುಗಳ ಆಧಾರದ ಮೇಲೆ ಉತ್ತರ ಹೇಳುತ್ತದೆ. ಏಜೆಂಟಿಗೂ ಸಾಧನಕ್ಕೂ ನಡುವಿನ ಕೊಂಡಿಯಾಗಿ 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಸಂಸ್ಥೆ ಹೊರತಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲನ್ನು ಬಳಸಿದ್ದೇನೆ. ಕೋಡ್ ಒಂದು ಹಂತಕ್ಕೆ ಬಂದಿದೆ, ಕೈಪಿಡಿ ಮಾತ್ರ ಬಂದಿಲ್ಲ. ಅದನ್ನು ಹೇಗೆ ಬರೆಯಬೇಕೆಂದು ಕೇಳಲು ಈ ಚರ್ಚೆಯನ್ನು ಆರಂಭಿಸಿದ್ದೇನೆ.

ಹೋದ ಮಂಗಳವಾರ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಮನೆಗೆ ಬಂದಿದ್ದ ಚಿಕ್ಕಪ್ಪನಿಗೆ ಸಾಧನವನ್ನು ತೋರಿಸುವ ಉತ್ಸಾಹದಲ್ಲಿ ‘ಶಿವಮೊಗ್ಗದಲ್ಲಿ ಇವತ್ತು ಅಡಿಕೆ ಧಾರಣೆ ಎಷ್ಟು?’ ಎಂದು ಟೈಪಿಸಿದೆ. ಏಜೆಂಟ್ ಬಹಳ ವಿನಯದಿಂದ ‘ಇಂದು ಶಿವಮೊಗ್ಗ ಮಾರುಕಟ್ಟೆಯಲ್ಲಿ ಅಡಿಕೆ ವಹಿವಾಟು ನಡೆದಿಲ್ಲ’ ಎಂದು ಉತ್ತರಿಸಿತು. ಚಿಕ್ಕಪ್ಪ ಕನ್ನಡಕವನ್ನು ಹಣೆಗೇರಿಸಿ, ‘ನಾನು ಎಲ್ಲಿಂದ ಬರ್ತಾ ಇದೀನಿ ಅಂದ್ಕೊಂಡೆ? ಮಂಡಿಯಿಂದಲೇ’ ಎಂದರು. ಅವರ ಜೇಬಿನಲ್ಲಿ ಆ ದಿನದ ಚೀಟಿಯೇ ಇತ್ತು.

ಸಾಧನಕ್ಕೆ ನಾನು ಈಗ ಕೊಟ್ಟಿರುವ ವಿವರಣೆ ಒಂದೇ ಸಾಲಿನದು: ‘ಸರ್ಕಾರಿ ಮುಕ್ತ ದತ್ತಾಂಶವನ್ನು ಹುಡುಕಿ ಕೊಡುತ್ತದೆ.’ ಇದರಲ್ಲಿ ಏನೋ ಕೊರತೆಯಿದೆ ಎಂಬುದು ತಿಳಿಯುತ್ತದೆ. ಆದರೆ ಎಲ್ಲಿಂದ ಆರಂಭಿಸಿ ಎಷ್ಟು ಬರೆಯಬೇಕು ಎಂಬುದು ತಿಳಿಯುತ್ತಿಲ್ಲ. ಅನುಭವವುಳ್ಳವರು ದಾರಿ ತೋರಿಸಬೇಕು.

ಪದಸಾಲು

ತುಂಗಾತೀರ ಅವರೇ, ನನ್ನ ಉದ್ಯೋಗವೇ ಕೈಪಿಡಿ ಬರೆಯುವುದಾದ್ದರಿಂದ ಮೊದಲ ಮಾತು ನನ್ನದಿರಲಿ. ಈ ಬಗೆಯ ಸಾಧನಕ್ಕೆ ಇಬ್ಬರು ಓದುಗರಿದ್ದಾರೆ. ಒಬ್ಬರು ನಿಮ್ಮ ಕೋಡನ್ನು ಇಳಿಸಿಕೊಂಡು ಬಳಸುವ ಮನುಷ್ಯರು. ಅವರು ಕೈಪಿಡಿಯನ್ನು ಒಮ್ಮೆ ಓದಿ ಬದಿಗಿಡುತ್ತಾರೆ. ಇನ್ನೊಬ್ಬರು ಏಜೆಂಟಿನ ಹಿಂದೆ ಕೆಲಸ ಮಾಡುವ ಭಾಷಾ ಮಾದರಿ. ಅದು ಪ್ರತಿ ಸಂಭಾಷಣೆಯಲ್ಲಿಯೂ ನಿಮ್ಮ ಸಾಧನದ ಹೆಸರು, ವಿವರಣೆ ಮತ್ತು ಪ್ಯಾರಾಮೀಟರುಗಳ (ಕರೆಯುವಾಗ ಕೊಡಬೇಕಾದ ಮಾಹಿತಿಗಳ) ಪಟ್ಟಿಯನ್ನು ಹೊಸದಾಗಿ ಓದುತ್ತದೆ, ಮತ್ತು ಅಲ್ಲಿ ಬರೆಯದೇ ಇರುವುದನ್ನು ತನ್ನ ಊಹೆಯಿಂದ ತುಂಬಿಕೊಳ್ಳುತ್ತದೆ. ನಿಮ್ಮ ಚಿಕ್ಕಪ್ಪನವರಿಗೆ ಸಿಕ್ಕಿದ್ದು ಅಂಥ ಊಹೆಯೇ. ‘ವಹಿವಾಟು ನಡೆದಿಲ್ಲ’ ಎಂದು ಸರ್ಕಾರದ ತಾಣ ಹೇಳಿರಲು ಸಾಧ್ಯವಿಲ್ಲ, ಏಕೆಂದರೆ ಅಂಥ ವಾಕ್ಯ ಬರೆಯುವ ಜಾಗವೇ ಆ ದತ್ತಾಂಶದಲ್ಲಿಲ್ಲ.

ಆದ್ದರಿಂದ ಕೈಪಿಡಿಯ ಚರ್ಚೆಗೆ ಮುನ್ನ, ಆ ದಿನ ಏಜೆಂಟ್ ಏನನ್ನು ಕೇಳಿತು, ತಾಣ ಏನನ್ನು ಕೊಟ್ಟಿತು ಎಂಬುದನ್ನು ಇದ್ದ ಹಾಗೆಯೇ ಇಲ್ಲಿ ಹಾಕಿ. ಲಾಗ್ (ಪ್ರತಿ ಕರೆಯ ದಾಖಲೆ) ಇಟ್ಟಿದ್ದೀರಿ ಎಂದುಕೊಳ್ಳುತ್ತೇನೆ.

ತುಂಗಾತೀರ

ಲಾಗ್ ಇದೆ. ನೋಡಿದ ಮೇಲೆ ನಾಚಿಕೆಯೂ ಆಯಿತು.

ಏಜೆಂಟ್ ಆರಿಸಿಕೊಂಡದ್ದು ‘ವಿವಿಧ ಮಾರುಕಟ್ಟೆಗಳ ಪ್ರಸ್ತುತ ದೈನಿಕ ಧಾರಣೆ’ ಎಂಬ ಸಂಪನ್ಮೂಲವನ್ನು, ಅಂದರೆ ತಾಣದ ಒಂದು ದತ್ತಾಂಶ ಪಟ್ಟಿಯನ್ನು. ಇದಕ್ಕೆ ಮೂಲ ಕೃಷಿ ಧಾರಣೆ ಪ್ರಕಟಿಸುವ ಕೇಂದ್ರ ಸರ್ಕಾರದ ತಾಣವಾದ ಆಗ್‌ಮಾರ್ಕ್‌ನೆಟ್. ರಾಜ್ಯ, ಜಿಲ್ಲೆ, ಮಾರುಕಟ್ಟೆ, ಸರಕು, ವೆರೈಟಿ, ಗ್ರೇಡ್, ಆವಕದ ದಿನಾಂಕ, ಕನಿಷ್ಠ ದರ, ಗರಿಷ್ಠ ದರ, ಮೋಡಲ್ ದರ ಎಂಬ ಹತ್ತು ಕಾಲಂಗಳಿವೆ. ಆಯ್ಕೆ ಸರಿಯಾಗಿಯೇ ಇತ್ತು. ಜಿಲ್ಲೆಯ ಫಿಲ್ಟರಿನಲ್ಲಿ ಅದು ‘ಶಿವಮೊಗ್ಗ’ ಎಂಬುದರ ಈಗಿನ ಅಧಿಕೃತ ಇಂಗ್ಲಿಷ್ ಕಾಗುಣಿತವನ್ನು ಹಾಕಿತ್ತು. ಆ ದಿನದ ದಾಖಲೆಯಲ್ಲಿದ್ದದ್ದು ‘ಷಿಮೋಗಾ’ ಎಂಬ ಹಳೆಯ ಕಾಗುಣಿತ. ಸರಕಿನ ಫಿಲ್ಟರಿನಲ್ಲಿ ‘ಅರೆಕಾನಟ್’ ಎಂದು ಹಾಕಿತ್ತು. ದಾಖಲೆಯಲ್ಲಿದ್ದದ್ದು ‘ಅರೆಕಾನಟ್’ ಎಂದು ಬರೆದು, ಅದಕ್ಕೆ ತಾಗಿಕೊಂಡಂತೆ ಆವರಣದೊಳಗೆ ‘ಬೀಟಲ್‌ನಟ್’ ಮತ್ತು ‘ಸುಪಾರಿ’ಗಳನ್ನು ಓರೆಗೆರೆಯಿಂದ ಬೇರ್ಪಡಿಸಿದ ಉದ್ದ ಹೆಸರು. ಎರಡೂ ಹೊಂದದ ಕಾರಣ ತಾಣವು ಹೊಂದುವ ಒಟ್ಟು ಸಾಲುಗಳ ಸಂಖ್ಯೆಯಾದ ‘ಟೋಟಲ್’ ಸೊನ್ನೆ ಎಂದಿತು. ನನ್ನ ಸಾಧನ ಖಾಲಿ ಪಟ್ಟಿಯೊಂದನ್ನು ಏಜೆಂಟಿನ ಕೈಗಿಟ್ಟು ಸುಮ್ಮನಾಯಿತು.

ಲಾಗ್ ತೆರೆದ ಮೇಲೆ ಇನ್ನೊಂದು ತಪ್ಪು ಸಿಕ್ಕಿತು. ಹಿಂದಿನ ವಾರ ಸ್ನೇಹಿತರೊಬ್ಬರು ‘ಕರ್ನಾಟಕದಲ್ಲಿ ಟೊಮೆಟೊ ಸರಾಸರಿ ದರ ಎಷ್ಟು?’ ಎಂದು ಕೇಳಿದ್ದರು. ನಾನು ಪರೀಕ್ಷೆಗೆಂದು ತಾಣವೇ ಕೊಡುವ ಸ್ಯಾಂಪಲ್ ಕೀಲಿಯನ್ನು (ದತ್ತಾಂಶ ಕೇಳಲು ಬೇಕಾದ ಗುರುತಿನ ಸಂಕೇತ, ಅಂದರೆ ಎಪಿಐ ಕೀಲಿ) ಬಳಸುತ್ತಿದ್ದೆ. ಆ ಕೀಲಿಗೆ ಒಂದು ಕರೆಗೆ 10 ದಾಖಲೆಗಳಿಗಿಂತ ಹೆಚ್ಚು ಸಿಗುವುದಿಲ್ಲ. ‘ಟೋಟಲ್’ ಎಂಬಲ್ಲಿ ದೊಡ್ಡ ಸಂಖ್ಯೆ, ಈ ಕರೆಗೆ ಬಂದ ಸಾಲುಗಳನ್ನು ಹೇಳುವ ‘ಕೌಂಟ್’ ಎಂಬಲ್ಲಿ 10. ಏಜೆಂಟ್ ಆ ಹತ್ತರ ಸರಾಸರಿ ತೆಗೆದು ‘ರಾಜ್ಯದ ಸರಾಸರಿ’ ಎಂದು ಹೇಳಿಬಿಟ್ಟಿತ್ತು. ಆ ಹತ್ತು ಸಾಲುಗಳಲ್ಲಿ ಕೋಲಾರದ ಮಾರುಕಟ್ಟೆಯೇ ಇರಲಿಲ್ಲ. ಕೋಲಾರವನ್ನು ಬಿಟ್ಟು ಕರ್ನಾಟಕದ ಟೊಮೆಟೊ ದರ ಹೇಳುವುದು ಎಂಥ ಲೆಕ್ಕವೋ ನೀವೇ ಹೇಳಿ.

ಮಂಡಿಯ ಮಗ

ನಮ್ಮದು ಶಿರಸಿಯ ಕಡೆಯ ಅಡಿಕೆ ತೋಟ, ನನ್ನ ಉದ್ಯೋಗ ಸಾಫ್ಟ್‌ವೇರ್. ಹೆಸರಿನ ಸಮಸ್ಯೆಯನ್ನು ಬಗೆಹರಿಸಿದ ಮೇಲೂ ನಿಮ್ಮ ಸಾಧನ ಚಿಕ್ಕಪ್ಪನವರಿಂದ ಬೈಸಿಕೊಳ್ಳುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

‘ಅಡಿಕೆ ಧಾರಣೆ ಎಷ್ಟು’ ಎಂಬ ಪ್ರಶ್ನೆಗೆ ಒಂದು ಸಂಖ್ಯೆಯ ಉತ್ತರವಿಲ್ಲ. ಶಿವಮೊಗ್ಗದ ಒಂದೇ ದಿನದ ದಾಖಲೆಯಲ್ಲಿ ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆ ಸಾಲುಗಳಿರುತ್ತವೆ (ಇಲ್ಲಿ ‘ಸರಕು’ ಎಂಬುದು ಅಡಿಕೆಯದೇ ಒಂದು ಬಗೆಯ ಹೆಸರು). ಇತ್ತೀಚಿನ ವರ್ಷಗಳಲ್ಲಿ ಗೊರಬಲಿಗೆ ಹೋಲಿಸಿದರೆ ಸರಕಿನ ದರ ಎರಡರಿಂದ ಮೂರು ಪಟ್ಟು ಇರುವುದು ಸಾಮಾನ್ಯ. ಏಜೆಂಟ್ ಈ ನಾಲ್ಕನ್ನೂ ಕೂಡಿ ನಾಲ್ಕರಿಂದ ಭಾಗಿಸಿದರೆ ಬರುವ ದರಕ್ಕೆ ಯಾವ ಮಂಡಿಯಲ್ಲಿಯೂ ಯಾರೂ ಒಂದು ಚೀಲವನ್ನೂ ಮಾರಿರುವುದಿಲ್ಲ. ಶಿರಸಿ, ಯಲ್ಲಾಪುರ, ಸಿದ್ಧಾಪುರದ ಕಡೆಗೆ ಬಂದರೆ ಚಾಲಿ, ತಟ್ಟಿಬೆಟ್ಟೆ, ಕೋಕಾ, ಬಿಳಿಗೋಟು, ಕೆಂಪುಗೋಟು ಎಂದು ಪಟ್ಟಿ ಇನ್ನೂ ಉದ್ದವಾಗುತ್ತದೆ.

ಇಲ್ಲಿಯೇ ಇನ್ನೊಂದು ಮಾತು. ದಯವಿಟ್ಟು ಕೈಪಿಡಿಯಲ್ಲಿ ‘ವೆರೈಟಿ’ ಎಂಬ ಕಾಲಂ ಹೆಸರನ್ನು ‘ತಳಿ’ ಎಂದು ಕನ್ನಡಿಸಬೇಡಿ. ಭತ್ತಕ್ಕೆ ಅದು ಸರಿಹೋಗಬಹುದು. ಅಡಿಕೆಯಲ್ಲಿ ಒಂದೇ ಮರದ ಎಳೆಗಾಯಿಯನ್ನು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆಯ ಯಾವುದೋ ಒಂದು ಬಗೆ, ಅದೇ ಮರದ ಹಣ್ಣಡಿಕೆಯನ್ನು ಸಿಪ್ಪೆಯ ಸಮೇತ ವಾರಗಟ್ಟಲೆ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ತಳಿ ಒಂದೇ, ಅಂಗಳದ ಕೆಲಸ ಬೇರೆ. ‘ತಳಿ’ ಎಂದು ಬರೆದರೆ ಮಾದರಿಯು ಅದನ್ನು ನಂಬಿ ‘ಮಂಗಳ ತಳಿಯ ಧಾರಣೆ ಸಿಗಲಿಲ್ಲ’ ಎಂಬಂಥ ಉತ್ತರ ಕೊಟ್ಟೀತು. ‘ಬಗೆ’ ಎನ್ನಿ, ಸಾಕು.

ಏಕಪಂಕ್ತಿ

ಇಲ್ಲಿಯವರೆಗಿನ ಮಾತುಗಳನ್ನು ಓದಿ ನನಗೆ ಅನಿಸಿದ್ದನ್ನು ನೇರವಾಗಿ ಬರೆಯುತ್ತೇನೆ. ನೀವೆಲ್ಲ ಕೋಡಿನಲ್ಲಿ ಸರಿಪಡಿಸಬೇಕಾದದ್ದನ್ನು ಕೈಪಿಡಿಯಲ್ಲಿ ಸರಿಪಡಿಸಲು ಹೊರಟಿದ್ದೀರಿ. ಹಳೆಯ ಹೆಸರು ಹೊಸ ಹೆಸರುಗಳ ಕೋಷ್ಟಕವೊಂದನ್ನು ಸಾಧನದೊಳಗೇ ಇಟ್ಟರೆ ಶಿವಮೊಗ್ಗದ ಸಮಸ್ಯೆ ಮುಗಿಯಿತು. ಪುಟಗಳನ್ನು ಒಂದೊಂದಾಗಿ ತಿರುವಿ ‘ಟೋಟಲ್’ ತಲುಪುವವರೆಗೆ ತರಿಸಿಕೊಂಡರೆ ಟೊಮೆಟೊ ಸಮಸ್ಯೆಯೂ ಮುಗಿಯಿತು. ವಿವರಣೆ ಉದ್ದವಾದಷ್ಟೂ ಪ್ರತಿ ಸಂಭಾಷಣೆಯಲ್ಲಿಯೂ ಅಷ್ಟು ಟೋಕನ್ (ಮಾದರಿ ಓದುವ ಪಠ್ಯದ ತುಣುಕುಗಳು) ಖರ್ಚು. ಹತ್ತು ಸಾಧನಗಳಿದ್ದು ಹತ್ತಕ್ಕೂ ಇಂಥ ಪುರಾಣವಿದ್ದರೆ ಮಾದರಿ ಯಾವುದನ್ನೂ ಸರಿಯಾಗಿ ಓದುವುದಿಲ್ಲ. ನನ್ನ ಅನುಭವದಲ್ಲಿ ಎರಡು ವಾಕ್ಯಗಳ ವಿವರಣೆಯೇ ಒಳ್ಳೆಯದು.

ಹಳೆಯ ಗಣತಿದಾರ

ನಾನು ಅಂಕಿಅಂಶಗಳ ಕೆಲಸದಲ್ಲಿಯೇ ಮುಪ್ಪಾದವನು. ಏಜೆಂಟುಗಳ ವಿಚಾರ ಮೊಮ್ಮಗಳಿಂದ ಕಲಿತದ್ದು ಮಾತ್ರ. ಏಕಪಂಕ್ತಿ ಅವರು ಹೇಳಿದ ಹೆಸರುಗಳ ಕೋಷ್ಟಕದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನಿಸಿತು. ಅದು ಹೊರನೋಟಕ್ಕೆ ಕಾಣುವಷ್ಟು ಸುಲಭವಲ್ಲ.

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು: ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿ, ಬಳ್ಳಾರಿ, ವಿಜಯಪುರ, ಶಿವಮೊಗ್ಗ, ತುಮಕೂರು, ಚಿಕ್ಕಮಗಳೂರು, ಹೊಸಪೇಟೆ. ಇವಕ್ಕೆ ಕೋಷ್ಟಕ ಸಾಕು ಎಂದು ಒಪ್ಪುತ್ತೇನೆ. ಹೆಸರು ಮಾತ್ರ ಬದಲಾಗಿದೆ, ನೆಲ ಬದಲಾಗಿಲ್ಲ.

ನೆಲವೇ ಬದಲಾದ ಕಡೆ ಏನು ಮಾಡುತ್ತೀರಿ? 2001ರ ಜನಗಣತಿಯಲ್ಲಿ ಕರ್ನಾಟಕಕ್ಕೆ 27 ಜಿಲ್ಲೆಗಳಿದ್ದವು, 2011ರಲ್ಲಿ 30, ಈಗ 31. ಯಾರಾದರೂ ನಿಮ್ಮ ಏಜೆಂಟಿಗೆ ‘2011ರಲ್ಲಿ ವಿಜಯನಗರ ಜಿಲ್ಲೆಯ ಜನಸಂಖ್ಯೆ ಎಷ್ಟಿತ್ತು?’ ಎಂದು ಕೇಳಿದರೆಂದುಕೊಳ್ಳಿ. ಆ ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಬಳ್ಳಾರಿಯಿಂದ ಬೇರ್ಪಟ್ಟಿತಲ್ಲ ಎಂದು ಕೋಷ್ಟಕ ನೋಡಿ ಬಳ್ಳಾರಿಯ ಅಂಕಿಯನ್ನು ಕೊಟ್ಟರೆ ತಪ್ಪು. ಸರಿ, ತಾಲ್ಲೂಕುಗಳನ್ನು ಕೂಡಿಸೋಣ ಎಂದು ಹೊರಟರೆ, ಹರಪನಹಳ್ಳಿ 2011ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿತ್ತು, ಬಳ್ಳಾರಿಯ ಕಡತದಲ್ಲಿ ಅದು ಸಿಗುವುದೇ ಇಲ್ಲ. ಕೊಟ್ಟೂರು ಆಗ ತಾಲ್ಲೂಕಾಗಿರಲಿಲ್ಲ, ಕೂಡ್ಲಿಗಿಯೊಳಗಿತ್ತು. ಇದನ್ನೂ ದಾಟಿ ಹೊಸಪೇಟೆಗೆ ಬಂದರೆ ಇನ್ನೊಂದು ತೊಡಕು ಕಾದಿದೆ: 2011ರ ಹೊಸಪೇಟೆ ತಾಲ್ಲೂಕಿನೊಳಗೆ ಕಂಪ್ಲಿಯೂ ಸೇರಿತ್ತು, ಈಗ ಕಂಪ್ಲಿ ಪ್ರತ್ಯೇಕ ತಾಲ್ಲೂಕಾಗಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿದೆ. ಆದ್ದರಿಂದ ತಾಲ್ಲೂಕುವಾರು ಕೂಡಿಸಿದರೂ ಲೆಕ್ಕ ಹೊಂದುವುದಿಲ್ಲ. ಗ್ರಾಮವಾರು ಪಟ್ಟಿಗೆ ಇಳಿಯಲೇಬೇಕು.

ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿ ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೆ ಒಂದು ಸಂಕೇತ ಸಂಖ್ಯೆಯನ್ನು ಕೊಟ್ಟಿದೆ. ಹೆಸರಿನ ಬದಲು ಆ ಸಂಖ್ಯೆಯಿಂದ ಜೋಡಿಸಿದರೆ ಕಾಗುಣಿತದ ಕಾಟ ತಪ್ಪುತ್ತದೆ. ಗಡಿಯ ಕಾಟ ತಪ್ಪುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇಂಥ ಪ್ರಶ್ನೆಗೆ ಸಾಧನವು ಸಂಖ್ಯೆಯನ್ನೇ ಕೊಡಬಾರದು. ‘ಕೇಳಿದ ಘಟಕ ಈ ಡೇಟಾಸೆಟ್ಟಿನ ವರ್ಷದಲ್ಲಿ ಅಸ್ತಿತ್ವದಲ್ಲಿರಲಿಲ್ಲ’ ಎಂದು ಹೇಳಿ, ಏಕೆ ಎಂಬುದನ್ನು ತಿಳಿಸಬೇಕು. ನಮ್ಮ ಕಾಲದಲ್ಲಿ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದ ಅಡಿಟಿಪ್ಪಣಿ ಇರುತ್ತಿತ್ತು, ಅದನ್ನು ಓದದೇ ಅಂಕಿ ಎತ್ತಿಕೊಂಡವನಿಗೆ ಮೇಲಧಿಕಾರಿಯಿಂದ ಛೀಮಾರಿ ಬೀಳುತ್ತಿತ್ತು. ಈಗಿನ ವ್ಯವಸ್ಥೆಯಲ್ಲಿ ದತ್ತಾಂಶವನ್ನು ತರುವಾಗ ಮೊದಲು ಕಳಚಿ ಬೀಳುವುದೇ ಆ ಅಡಿಟಿಪ್ಪಣಿ.

ಪದಸಾಲು

ಹಿರಿಯರ ಕಂಪ್ಲಿಯ ಉದಾಹರಣೆಯನ್ನು ಎರಡು ಬಾರಿ ಓದಿದೆ. ಏಕಪಂಕ್ತಿ ಅವರ ಆಕ್ಷೇಪಕ್ಕೆ ಉತ್ತರವೂ ಅದರಲ್ಲಿಯೇ ಇದೆ ಎಂದು ನನಗನಿಸುತ್ತದೆ.

ಅವರ ಮಾತಿನ ಅರ್ಧವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಯಾವ ನಿಯಮಕ್ಕೆ ಅಪವಾದವಿಲ್ಲವೋ ಅದನ್ನು ಕೋಡಿನಲ್ಲಿಡಬೇಕು. ಕಾಗುಣಿತದ ಕೋಷ್ಟಕ, ಪುಟ ತಿರುವುವುದು, ದಿನಾಂಕದ ರೂಪ ಇವೆಲ್ಲ ಮಾದರಿಯ ಗಮನಕ್ಕೆ ಬರಲೇಬೇಕಾದ ಅಗತ್ಯವಿಲ್ಲ. ದಿನಾಂಕವನ್ನೇ ನೋಡಿ: ಈ ಸಂಪನ್ಮೂಲ ದಿನ, ತಿಂಗಳು, ವರ್ಷ ಎಂಬ ಕ್ರಮದಲ್ಲಿ ಕೊಡುತ್ತದೆ. 05/06/2025 ಎಂಬುದನ್ನು ಜೂನ್ 5 ಎಂದು ಓದಬೇಕೋ ಮೇ 6 ಎಂದು ಓದಬೇಕೋ ಎಂದು ವಿವರಣೆಯಲ್ಲಿ ಬೋಧಿಸುವ ಬದಲು, ಸಾಧನವೇ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು ಕೊಟ್ಟರೆ ಮುಗಿಯಿತು.

ಉಳಿದರ್ಧವನ್ನು ಒಪ್ಪಲಾರೆ. ಯಾವ ಪ್ರಶ್ನೆಗೆ ಈ ಸಾಧನವನ್ನು ಕರೆಯಬಾರದು, ಬಂದ ಸಾಲುಗಳನ್ನು ಕೂಡಿಸಬಹುದೇ, ಖಾಲಿ ಬಂದರೆ ಏನೆಂದು ತಿಳಿಯಬೇಕು ಎಂಬಂಥವು ನಿರ್ಧಾರಗಳು. ನಿರ್ಧಾರವನ್ನು ಮಾಡುವುದು ಏಜೆಂಟ್. ಅದಕ್ಕೆ ಹೇಳದೇ ಕೋಡಿನೊಳಗೆ ಅಡಗಿಸಲು ಬರುವುದಿಲ್ಲ. ಟೋಕನ್ ಉಳಿಸಬೇಕೆಂದರೆ ದಾರಿಯಿದೆ. ಎಲ್ಲವನ್ನೂ ಸಾಧನದ ವಿವರಣೆಯಲ್ಲಿ ತುಂಬದೇ, ಆಯಾ ಎಚ್ಚರಿಕೆಯನ್ನು ಆಯಾ ಫಲಿತಾಂಶದ ಜೊತೆಯಲ್ಲಿಯೇ ಕಳುಹಿಸಿ. ಅಡಿಕೆಯ ಸಾಲುಗಳು ಬಂದಾಗ ಮಾತ್ರ ‘ಬಗೆಗಳ ದರವನ್ನು ಕೂಡಿಸಿ ಸರಾಸರಿ ತೆಗೆಯಬೇಡಿ’ ಎಂಬ ಸಾಲು ಬರಲಿ. 2011ರ ಕಡತ ಬಂದಾಗ ಮಾತ್ರ ಜಿಲ್ಲೆಗಳ ಟಿಪ್ಪಣಿ ಬರಲಿ. ಹಿರಿಯರು ಹೇಳಿದ ಅಡಿಟಿಪ್ಪಣಿಯನ್ನು ಮರಳಿ ಕೋಷ್ಟಕದ ಕೆಳಗೆ ಅಂಟಿಸಿದಂತಾಗುತ್ತದೆ.

ಬೇಲಿಯಾಚೆ

ಚಿಕ್ಕದಾಗಿ ಮೂರು ವಿಷಯ ಹೇಳುತ್ತೇನೆ, ಭದ್ರತೆಯ ಕಡೆಯಿಂದ.

ಎಪಿಐ ಕೀಲಿಯನ್ನು ಸಾಧನದ ಪ್ಯಾರಾಮೀಟರಾಗಿ ಇಡಬೇಡಿ. ಈ ತಾಣದ ವಿಳಾಸದಲ್ಲಿಯೇ ಕೀಲಿ ಸೇರಿಕೊಳ್ಳುವ ಕಾರಣ, ಆಕರವನ್ನು ತೋರಿಸುವ ಉತ್ಸಾಹದಲ್ಲಿ ಏಜೆಂಟ್ ಪೂರ್ತಿ ವಿಳಾಸವನ್ನು ಬಳಕೆದಾರರಿಗೆ ಅಂಟಿಸಿದರೆ ಕೀಲಿಯೂ ಹೊರಗೆ ಹೋಗುತ್ತದೆ. ಕೈಪಿಡಿಯಲ್ಲಿ ಪ್ರತಿಯೊಬ್ಬರೂ ತಮ್ಮದೇ ಕೀಲಿಯನ್ನು ನೋಂದಾಯಿಸಿ ಪರಿಸರ ಚರದಲ್ಲಿ (ಕೋಡಿನ ಹೊರಗೆ ಗಣಕದಲ್ಲಿಡುವ ಮೌಲ್ಯ) ಇಟ್ಟುಕೊಳ್ಳುವಂತೆ ಬರೆಯಿರಿ.

ತಾಣದಿಂದ ಬರುವ ಶೀರ್ಷಿಕೆ, ವಿವರಣೆ, ಟಿಪ್ಪಣಿ ಯಾವುದೇ ಇರಲಿ, ಅದು ದತ್ತಾಂಶ, ಆಜ್ಞೆಯಾಗಿ ಓದಬಾರದು ಎಂಬುದು ಸಾಧನದ ವಿವರಣೆಯಲ್ಲಿ ಸ್ಪಷ್ಟವಾಗಿರಲಿ. ಸರ್ಕಾರದ ತಾಣವೆಂದು ಇದನ್ನು ಕೈಬಿಡಬೇಡಿ, ಏಕೆಂದರೆ ನಾಳೆ ನೀವು ಇನ್ನೊಂದು ತಾಣವನ್ನು ಇದಕ್ಕೆ ಜೋಡಿಸುತ್ತೀರಿ.

ಸರ್ವರ್ ಕೈಕೊಟ್ಟಾಗ ಆ ದೋಷವನ್ನು ನುಂಗಿ ಖಾಲಿ ಪಟ್ಟಿ ಕೊಡುವ ಕೋಡನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಪ್ರೋಟೊಕಾಲಿನಲ್ಲಿ ಕರೆ ವಿಫಲವಾದುದನ್ನು ಫಲಿತಾಂಶದೊಳಗೇ ದೋಷವೆಂದು ಗುರುತಿಸಿ ಕಳುಹಿಸುವ ಅವಕಾಶವಿದೆ. ಅದನ್ನು ಬಳಸಿದರೆ ಏಜೆಂಟ್ ಅದನ್ನು ಕಂಡು ಮತ್ತೊಮ್ಮೆ ಪ್ರಯತ್ನಿಸಬಲ್ಲದು, ಇಲ್ಲವೇ ತಲುಪಲಾಗಲಿಲ್ಲವೆಂದು ಪ್ರಾಮಾಣಿಕವಾಗಿ ಹೇಳಬಲ್ಲದು.

ತುಂಗಾತೀರ

ಎಲ್ಲರ ಮಾತನ್ನೂ ಇಟ್ಟುಕೊಂಡು ಎರಡು ದಿನ ಕುಳಿತೆ. ಕೋಡಿನ ಕಡೆಯ ಬದಲಾವಣೆಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದಿಲ್ಲದೇ ಕೈಪಿಡಿಯ ಸಾಲುಗಳಿಗೆ ಆಧಾರವಿರುವುದಿಲ್ಲ.

ಖಾಲಿ ಪಟ್ಟಿಯನ್ನು ಹಾಗೆಯೇ ಕೊಡುವುದನ್ನು ನಿಲ್ಲಿಸಿದ್ದೇನೆ. ಕೇಳಿದ ಮಾರುಕಟ್ಟೆಯ ಹೆಸರು ಕೋಷ್ಟಕದಲ್ಲಿ ಸಿಗದಿದ್ದರೆ ‘ಹೆಸರು ಹೊಂದಲಿಲ್ಲ’ ಎಂಬ ಸ್ಥಿತಿ, ಜೊತೆಗೆ ಹತ್ತಿರದ ಕೆಲವು ಹೆಸರುಗಳು. ಹೆಸರು ಸಿಕ್ಕಿ ಸಾಲು ಬರದಿದ್ದರೆ, ಸರಕಿನ ಫಿಲ್ಟರನ್ನು ತೆಗೆದು ಸಾಧನವೇ ಇನ್ನೊಮ್ಮೆ ಕೇಳುತ್ತದೆ. ಆಗ ಬೇರೆ ಸರಕುಗಳ ಸಾಲು ಬಂದರೆ ‘ಮಾರುಕಟ್ಟೆಯ ವರದಿ ಬಂದಿದೆ, ಈ ಸರಕಿನದು ಅದರಲ್ಲಿಲ್ಲ’ ಎಂಬ ಸ್ಥಿತಿ. ಏನೂ ಬರದಿದ್ದರೆ ‘ಈ ಮಾರುಕಟ್ಟೆಯ ಇಂದಿನ ವರದಿ ಇನ್ನೂ ತಾಣದಲ್ಲಿಲ್ಲ’ ಎಂಬ ಸ್ಥಿತಿ. ಸರ್ವರ್ ಉತ್ತರಿಸದಿದ್ದರೆ ಬೇಲಿಯಾಚೆ ಅವರು ಹೇಳಿದಂತೆ ದೋಷ. ಒಂದು ಸೊನ್ನೆಯೊಳಗೆ ನಾಲ್ಕು ಬೇರೆ ಸಂಗತಿಗಳು ಅಡಗಿದ್ದವು ಎಂಬುದು ಇದನ್ನು ಬರೆಯುವಾಗಲೇ ನನಗೆ ಹೊಳೆದದ್ದು.

ಇನ್ನು ವಿವರಣೆ. ಹಳೆಯ ಒಂದು ಸಾಲಿನ ಜಾಗದಲ್ಲಿ ಈಗ ಹೀಗಿದೆ:

‘ಭಾರತದ ಎಪಿಎಂಸಿ ಮಾರುಕಟ್ಟೆಗಳು ಇಂದು ವರದಿ ಮಾಡಿರುವ ಸಗಟು ಧಾರಣೆಯನ್ನು ತರುತ್ತದೆ. ಹಿಂದಿನ ದಿನಗಳ ಧಾರಣೆಗೆ ಇದನ್ನು ಕರೆಯಬಾರದು, ಅದಕ್ಕೆ ಬಗೆವಾರು ದೈನಿಕ ಧಾರಣೆಯ ಸಾಧನ ಪ್ರತ್ಯೇಕವಾಗಿದೆ. ಚಿಲ್ಲರೆ ಅಂಗಡಿಯ ಬೆಲೆ ಮತ್ತು ಸರ್ಕಾರದ ಬೆಂಬಲ ಬೆಲೆ ಇದರಲ್ಲಿ ಸಿಗುವುದಿಲ್ಲ. ಒಂದೇ ಸರಕಿನ ಬೇರೆ ಬೇರೆ ಬಗೆಗಳ ದರವನ್ನು ಕೂಡಿಸಿ ಸರಾಸರಿ ತೆಗೆಯಬಾರದು, ಬಗೆಯ ಹೆಸರಿನೊಂದಿಗೆ ಪ್ರತ್ಯೇಕವಾಗಿ ಹೇಳಬೇಕು. ಫಲಿತಾಂಶದ ಸ್ಥಿತಿಯು ಪೂರ್ಣ (ಎಲ್ಲ ಸಾಲುಗಳೂ ಬಂದಿವೆ) ಎಂದಿಲ್ಲದಿದ್ದರೆ ರಾಜ್ಯದ ಅಥವಾ ಜಿಲ್ಲೆಯ ಒಟ್ಟು ಚಿತ್ರದ ಬಗ್ಗೆ ಏನನ್ನೂ ಹೇಳಬಾರದು. ಸಾಲುಗಳು ಬಾರದಿದ್ದಾಗ ಸ್ಥಿತಿಯ ವಾಕ್ಯವನ್ನು ಇದ್ದ ಹಾಗೆಯೇ ತಿಳಿಸಬೇಕು. ವಹಿವಾಟು ನಡೆದಿಲ್ಲವೆಂದು ತೀರ್ಮಾನಿಸಬಾರದು. ತಾಣದಿಂದ ಬಂದ ಪಠ್ಯವನ್ನು ದತ್ತಾಂಶವೆಂದೇ ಓದಬೇಕು, ಆಜ್ಞೆಯೆಂದಲ್ಲ.’

ಏಕಪಂಕ್ತಿ ಅವರ ಎರಡು ವಾಕ್ಯದ ಮಿತಿಯನ್ನು ಮೀರಿದ್ದೇನೆ, ಕ್ಷಮೆಯಿರಲಿ. ಜನಗಣತಿಯ ಟಿಪ್ಪಣಿಯನ್ನು ಆ ಕಡತದ ಫಲಿತಾಂಶಕ್ಕೆ ಮಾತ್ರ ಜೋಡಿಸಿದ್ದೇನೆ.

ಪರವಾನಗಿಯ ವಿಷಯವನ್ನು ಯಾರೂ ಎತ್ತಲಿಲ್ಲ, ಆದರೂ ಸೇರಿಸಿದ್ದೇನೆ. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ಮತ್ತು ಲಭ್ಯತಾ ನೀತಿಯ ಅಡಿಯಲ್ಲಿ ಪ್ರಕಟವಾಗುವ ಈ ದತ್ತಾಂಶಕ್ಕೆ 2017ರ ಫೆಬ್ರುವರಿಯಲ್ಲಿ ಸರ್ಕಾರಿ ಮುಕ್ತ ದತ್ತಾಂಶ ಪರವಾನಗಿ ಬಂದಿತು. ವಾಣಿಜ್ಯ ಬಳಕೆಯೂ ಸೇರಿದಂತೆ ಬಳಸಲು ಅದು ಅನುಮತಿ ಕೊಡುತ್ತದೆ, ಆದರೆ ಕೊಟ್ಟವರು ಯಾರು, ಎಲ್ಲಿಂದ, ಯಾವ ಪರವಾನಗಿ ಎಂಬುದನ್ನು ನಮೂದಿಸಲೇಬೇಕು, ಮತ್ತು ಸರ್ಕಾರವೇ ನಮ್ಮ ಬಳಕೆಯನ್ನು ಅನುಮೋದಿಸಿದೆ ಎಂಬ ಭಾವನೆ ಬರುವಂತೆ ತೋರಿಸಬಾರದು. ಆದ್ದರಿಂದ ಪ್ರತಿ ಫಲಿತಾಂಶದ ಜೊತೆಗೆ ಸಂಪನ್ಮೂಲದ ಹೆಸರು, ನವೀಕರಿಸಿದ ಸಮಯ, ಪರವಾನಗಿ ಮತ್ತು ಕೀಲಿಯಿಲ್ಲದ ಪುಟ ವಿಳಾಸವನ್ನು ಕಳುಹಿಸುತ್ತಿದ್ದೇನೆ. ಉತ್ತರದ ಕೊನೆಯಲ್ಲಿ ಏಜೆಂಟ್ ಅದನ್ನು ಒಂದು ಸಾಲಿನಲ್ಲಿ ಹೇಳುತ್ತದೆ.

ಒಂದು ಸಂದೇಹ ಉಳಿದಿದೆ. ವಿವರಣೆಯನ್ನು ಕನ್ನಡದಲ್ಲಿಯೇ ಇಡಬೇಕೇ, ಇಂಗ್ಲಿಷಿನಲ್ಲಿಡಬೇಕೇ?

ಏಕಪಂಕ್ತಿ

ಉದ್ದದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ನಾಲ್ಕು ಸ್ಥಿತಿಗಳ ವ್ಯವಸ್ಥೆ ನಿಜಕ್ಕೂ ಚೆನ್ನಾಗಿದೆ. ಅದು ಬಂದ ಮೇಲೆ ‘ವಹಿವಾಟು ನಡೆದಿಲ್ಲವೆಂದು ತೀರ್ಮಾನಿಸಬಾರದು’ ಎಂಬ ವಾಕ್ಯದ ಅಗತ್ಯವಿದೆಯೇ ಎಂದು ಪರೀಕ್ಷಿಸಿ ನೋಡಿ. ಅದನ್ನು ತೆಗೆದು ಇಪ್ಪತ್ತು ಪ್ರಶ್ನೆ ಕೇಳಿ, ಇಟ್ಟುಕೊಂಡು ಇಪ್ಪತ್ತು ಪ್ರಶ್ನೆ ಕೇಳಿ. ವ್ಯತ್ಯಾಸ ಕಾಣದಿದ್ದರೆ ತೆಗೆದುಬಿಡಿ. ಕೈಪಿಡಿಯ ಪ್ರತಿ ಸಾಲನ್ನೂ ಹೀಗೆ ಪರೀಕ್ಷಿಸಬಹುದಾದ ಸೌಲಭ್ಯ ಹಿಂದೆ ನಮಗಿರಲಿಲ್ಲ. ಮನುಷ್ಯ ಓದುಗರನ್ನು ಕೂರಿಸಿ ಇಪ್ಪತ್ತು ಬಾರಿ ಓದಿಸಲು ಆಗುತ್ತಿರಲಿಲ್ಲ.

ಭಾಷೆಯ ಪ್ರಶ್ನೆಗೂ ಅದೇ ಉತ್ತರ. ಎರಡರಲ್ಲಿಯೂ ಬರೆದು ಪರೀಕ್ಷಿಸಿ. ಕನ್ನಡ ಪಠ್ಯಕ್ಕೆ ಅನೇಕ ಮಾದರಿಗಳಲ್ಲಿ ಟೋಕನ್ ಹೆಚ್ಚು ಖರ್ಚಾಗುತ್ತದೆ ಎಂಬುದನ್ನು ಮಾತ್ರ ಲೆಕ್ಕದಲ್ಲಿಡಿ.

ಪದಸಾಲು

ಮಾದರಿ ಓದುವ ವಿವರಣೆ ಇಂಗ್ಲಿಷಿನಲ್ಲಿದ್ದರೂ ನನ್ನ ತಕರಾರಿಲ್ಲ. ಮನುಷ್ಯರು ಓದುವ ಕೈಪಿಡಿ ಮಾತ್ರ ಕನ್ನಡದಲ್ಲಿರಬೇಕು, ಮತ್ತು ಸ್ಥಿತಿಯ ನಾಲ್ಕು ವಾಕ್ಯಗಳನ್ನು ಕನ್ನಡದಲ್ಲಿ ನೀವೇ ಬರೆದಿಡಬೇಕು. ಅವನ್ನು ಏಜೆಂಟಿನ ಅನುವಾದಕ್ಕೆ ಬಿಟ್ಟರೆ ‘ವರದಿಯಾಗಿಲ್ಲ’ ಎಂಬುದು ಯಾವುದೋ ಒಂದು ದಿನ ಮತ್ತೆ ‘ನಡೆದಿಲ್ಲ’ ಎಂದು ತಿರುಗುತ್ತದೆ. ರೈತರಿಗೆ ತಲುಪುವ ಕೊನೆಯ ವಾಕ್ಯದ ಮೇಲೆ ನಿಮ್ಮ ಹಿಡಿತವಿರಲಿ.

ಮಂಡಿಯ ಮಗ

ಹೊಸ ವಿವರಣೆ ಚೆನ್ನಾಗಿದೆ. ಕೈಪಿಡಿಯ ಕರಡನ್ನೂ ಓದಿದೆ. ಒಂದು ಪದದ ಬಗ್ಗೆ ತಕರಾರು ಇದೆ. ‘ಮೋಡಲ್ ಪ್ರೈಸ್’ ಎಂಬುದನ್ನು ನೀವು ‘ಮಾದರಿ ದರ’ ಎಂದು ಬರೆದಿದ್ದೀರಿ. ಧಾರಣೆಯ ಪಟ್ಟಿಗಳಲ್ಲಿ ಹಾಗೆಯೇ ಕಾಣುವುದುಂಟು, ತಪ್ಪು ನಿಮ್ಮದಲ್ಲ. ಆದರೆ ನಿಮ್ಮ ಕೈಪಿಡಿಯಲ್ಲಿ ಭಾಷಾ ಮಾದರಿಯೂ ಇದೆ, ಸ್ಯಾಂಪಲ್ ಕೀಲಿಯನ್ನು ಒಂದೆಡೆ ‘ಮಾದರಿ ಕೀಲಿ’ ಎಂದಿದ್ದೀರಿ, ಈಗ ಮಾದರಿ ದರವೂ ಸೇರಿದರೆ ಓದುವವರು ದಾರಿ ತಪ್ಪುತ್ತಾರೆ. ನಾನೇ ಒಂದು ಸಾಲಿನಲ್ಲಿ ಭಾಷಾ ಮಾದರಿಯೇ ದರವನ್ನು ಊಹಿಸುತ್ತದೆ ಎಂದು ಓದಿಕೊಂಡೆ.

ಹಳೆಯ ಗಣತಿದಾರ

ಮಂಡಿಯ ಮಗ ಅವರು ಸರಿಯಾಗಿ ಹಿಡಿದಿದ್ದಾರೆ. ಸಂಖ್ಯಾಶಾಸ್ತ್ರದ ಕನ್ನಡ ಪಠ್ಯಗಳಲ್ಲಿ ಇದಕ್ಕೆ ‘ಬಹುಲಕ’ ಎಂಬ ಪದವಿದೆ. ಒಂದು ಗುಂಪಿನಲ್ಲಿ ಅತಿ ಹೆಚ್ಚು ಬಾರಿ ಕಾಣಿಸುವ ಬೆಲೆ ಎಂದರ್ಥ. ಸರಾಸರಿ ಬೇರೆ, ಮಧ್ಯಾಂಕ ಬೇರೆ, ಬಹುಲಕ ಬೇರೆ. ಆ ದಿನ ಮಾರುಕಟ್ಟೆಯಲ್ಲಿ ಹೆಚ್ಚಿನ ವ್ಯಾಪಾರ ಯಾವ ದರದ ಸುತ್ತ ನಡೆಯಿತೋ ಅದನ್ನು ಈ ಕಾಲಂ ಸೂಚಿಸುತ್ತದೆ. ಆದ್ದರಿಂದ ಹಲವು ಮಾರುಕಟ್ಟೆಗಳ ಬಹುಲಕಗಳ ಸರಾಸರಿಯನ್ನು ರಾಜ್ಯದ ಸರಾಸರಿ ದರ ಎನ್ನಲಾಗದು. ಅದಕ್ಕೆ ಪ್ರತಿ ಮಾರುಕಟ್ಟೆಗೆ ಎಷ್ಟು ಆವಕವಾಯಿತೆಂಬ ತೂಕ ಬೇಕು. ತುಂಗಾತೀರ ಅವರು ಪಟ್ಟಿ ಮಾಡಿದ ಹತ್ತು ಕಾಲಂಗಳಲ್ಲಿ ದಿನಾಂಕದ ಹೆಸರಿನಲ್ಲಿ ಮಾತ್ರ ಆವಕವಿದೆ, ಪ್ರಮಾಣವಿಲ್ಲ. ಹಾಗಾಗಿ ಟೊಮೆಟೊ ಪ್ರಶ್ನೆಗೆ ಎಲ್ಲ ಪುಟಗಳನ್ನು ತಿರುವಿದರೂ ಈ ಸಂಪನ್ಮೂಲದಿಂದ ಸರಿಯಾದ ಉತ್ತರ ಬರುವುದಿಲ್ಲ.

‘ಬಹುಲಕ ದರ’ ಎಂದರೆ ರೈತರಿಗೆ ತಿಳಿಯುವುದಿಲ್ಲ ಎಂದು ನೀವು ಹೇಳಬಹುದು. ‘ಹೆಚ್ಚು ವ್ಯಾಪಾರವಾದ ದರ’ ಎಂದು ಬರೆಯಿರಿ.

ತುಂಗಾತೀರ

ಹಿರಿಯರೇ, ಆ ಕೊನೆಯ ಅಂಶ ನನ್ನ ತಲೆಗೆ ಬಂದೇ ಇರಲಿಲ್ಲ. ಪುಟ ತಿರುವುವ ಕೋಡ್ ಬರೆದು ಟೊಮೆಟೊ ಸಮಸ್ಯೆ ಬಗೆಹರಿಯಿತೆಂದು ನೆಮ್ಮದಿಯಾಗಿದ್ದೆ. ‘ರಾಜ್ಯದ ಸರಾಸರಿ ದರ ಲೆಕ್ಕ ಹಾಕಲು ಬೇಕಾದ ಆವಕದ ಪ್ರಮಾಣ ಇದರಲ್ಲಿಲ್ಲ, ಮಾರುಕಟ್ಟೆವಾರು ದರಗಳ ವ್ಯಾಪ್ತಿಯನ್ನು ಮಾತ್ರ ಹೇಳಬೇಕು’ ಎಂದು ಸೇರಿಸಿದ್ದೇನೆ. ‘ತಳಿ’ ಎಲ್ಲ ಕಡೆ ‘ಬಗೆ’ ಆಗಿದೆ, ‘ಮಾದರಿ ದರ’ ಈಗ ‘ಹೆಚ್ಚು ವ್ಯಾಪಾರವಾದ ದರ’. ಏಕಪಂಕ್ತಿ ಅವರ ಪರೀಕ್ಷೆಯನ್ನೂ ಮಾಡಿದೆ. ಅವರು ಹೇಳಿದ ಆ ವಾಕ್ಯವನ್ನು ತೆಗೆದಾಗ ಇಪ್ಪತ್ತರಲ್ಲಿ ಮೂರು ಬಾರಿ ಏಜೆಂಟ್ ಮತ್ತೆ ‘ವಹಿವಾಟು ನಡೆದಿಲ್ಲ’ ಎಂದಿತು, ಇಟ್ಟಾಗ ಒಮ್ಮೆಯೂ ಹೇಳಲಿಲ್ಲ. ಇದು ನನ್ನ ಒಂದು ಯಂತ್ರದ, ಒಂದು ಮಾದರಿಯ ಫಲಿತಾಂಶ ಮಾತ್ರ. ವಾಕ್ಯ ಸದ್ಯಕ್ಕೆ ಉಳಿದುಕೊಂಡಿದೆ.

ನಿನ್ನೆ ಭಾನುವಾರ ಅದೇ ಅಡಿಕೆಯ ಪ್ರಶ್ನೆಯನ್ನು ಬೇಕೆಂದೇ ಕೇಳಿದೆ. ಉತ್ತರ ಹೀಗೆ ಬಂದಿತು: ‘ಶಿವಮೊಗ್ಗ ಮಾರುಕಟ್ಟೆಯ ಇಂದಿನ ವರದಿ ಇನ್ನೂ ತಾಣದಲ್ಲಿಲ್ಲ. ಇಂದು ಭಾನುವಾರವಾದ್ದರಿಂದ ಮಾರುಕಟ್ಟೆಗೆ ರಜೆ ಇರಬಹುದು, ಆದರೆ ದತ್ತಾಂಶದಿಂದ ಅದನ್ನು ಖಚಿತವಾಗಿ ಹೇಳಲಾಗದು. ಶನಿವಾರದ ಬಗೆವಾರು ಧಾರಣೆ ತರಲೇ?’ ತರಲು ಹೇಳಿದೆ. ರಾಶಿ, ಬೆಟ್ಟೆ, ಸರಕು, ಗೊರಬಲು ಪ್ರತ್ಯೇಕ ಸಾಲುಗಳಲ್ಲಿ ಬಂದವು, ಕೆಳಗೆ ಆಕರವೂ ಇತ್ತು. ಚಿಕ್ಕಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಹೌದು, ಇದು ಮಂಡಿ ಲೆಕ್ಕದ ಹಾಗಿದೆ’ ಎಂದವರು, ತೆಂಗಿನಕಾಯಿಯದನ್ನೂ ಕೇಳಿ ನೋಡು ಎಂದರು.

ಅಲ್ಲಿ ಮತ್ತೆ ಸಿಕ್ಕಿಕೊಂಡಿದ್ದೇನೆ. ಹತ್ತು ಕಾಲಂಗಳಲ್ಲಿ ಅಳತೆಯ ಮಾನಕ್ಕೆ ಒಂದೂ ಇಲ್ಲ. ಎಲ್ಲವನ್ನೂ ಕ್ವಿಂಟಾಲಿಗೆ ರೂಪಾಯಿ ಎಂದು ಓದಿಕೊಳ್ಳಲು ವಿವರಣೆಗೆ ಆಮೇಲೆ ಸೇರಿಸಿದ್ದೆ. ಮದ್ದೂರಿನ ಎಳನೀರು ತೂಕದ ಮೇಲೆ ಮಾರಾಟವಾಗುವುದಿಲ್ಲ, ಎಣಿಕೆಯ ಮೇಲೆ ಆಗುತ್ತದೆ. ತೆಂಗಿನಕಾಯಿಯಲ್ಲಿಯೂ ಎಣಿಕೆಯ ವ್ಯಾಪಾರ ಉಂಟು. ಎಣಿಕೆಯ ಸರಕುಗಳ ದರ ಯಾವ ಮಾನದಲ್ಲಿ ದಾಖಲಾಗುತ್ತದೆಂದು ಬಲ್ಲ ಎಪಿಎಂಸಿ ಸಿಬ್ಬಂದಿಯೋ ವರ್ತಕರೋ ಇಲ್ಲಿದ್ದರೆ ದಯವಿಟ್ಟು ಬರೆಯಿರಿ. ಅಲ್ಲಿಯವರೆಗೆ ತೆಂಗು ಮತ್ತು ಎಳನೀರಿಗೆ ಮಾನವನ್ನು ಹೇಳದೇ, ‘ಮಾನ ನಮೂದಾಗಿಲ್ಲ’ ಎಂಬ ಟಿಪ್ಪಣಿಯೊಂದಿಗೆ ಸಂಖ್ಯೆಯನ್ನು ಮಾತ್ರ ಕೊಡುವಂತೆ ಮಾಡಿದ್ದೇನೆ.